ಹಂಗಾಮಿ

“ಹೊಸಬರು ಸಿಗೋವರೆಗೆ ಒಂದಿಷ್ಟು ದಿನ ನೋಡ್ಕೊಳ್ಳಿ, ಅಷ್ಟೇ,” ಎಂದರು ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು, ಸೋಫಾದ ತುದಿಯಲ್ಲಿ ಕೂತು. ನಾಲ್ಕನೇ ಮ್ಯಾನೇಜರನ್ನು ಅಂದು ಬೆಳಿಗ್ಗೆಯಷ್ಟೇ ಮನೆಗೆ ಕಳಿಸಿ, ಸಂಜೆ ಸಹಾಯಕ ಕೋಚ್‌ನ ಮನೆಗೆ ಬಂದಿದ್ದರು.

“ಆಗಲ್ಲ ಸಾರ್,” ಎಂದ ಅವನು.

ಚಹಾದ ಲೋಟ ಮುಂದೆ ಹಿಡಿದಿದ್ದ ಹೆಂಡತಿಯ ಕೈ ಹಾಗೇ ನಿಂತಿತು. ಗಂಡ ಅಧ್ಯಕ್ಷರಿಗೆ ಎದುರಾಡಿದ್ದನ್ನು ಅವಳು ಕಂಡವಳಲ್ಲ. ಮ್ಯಾನೇಜರ್ ಹೋದಾಗಲೆಲ್ಲ ಅವನೇ ಹಂಗಾಮಿ ಮ್ಯಾನೇಜರ್. ಕೊನೆಗೆ ಜನ ಕರೆಯುವ ಹೆಸರೂ ‘ಹಂಗಾಮಿ’ ಎಂದೇ ಆಗಿತ್ತು. “ನನ್ನ ಗಂಡ ಅನ್ನೋದೊಂದೇ ಇವರ ಖಾಯಂ ಕೆಲಸ,” ಎಂದು ಅವಳೂ ನಗಾಡುವುದಿತ್ತು.

ಮೊದಲನೇ ಮ್ಯಾನೇಜರ್ ಹುಡುಗರನ್ನು ಬೆವರಿಳಿಯುವಂತೆ ಓಡಿಸಿ ತಂಡವನ್ನು ಮೇಲಿನ ದರ್ಜೆಗೆ ಹತ್ತಿಸಿದ್ದ. ಮರುವರ್ಷ ಹುಡುಗರ ಕಾಲು ಸೋತವು, ತಂಡವೂ ಸೋತಿತು, ಅವನು ಹೋದ. ಎರಡನೆಯವನಿಗೆ ಗೋಲು ತಡೆಯುವುದೇ ಆಟ. ತಂಡ ಸೋಲಲೂ ಇಲ್ಲ, ಗೆಲ್ಲಲೂ ಇಲ್ಲ, ಜನ ಗ್ಯಾಲರಿಯಲ್ಲಿ ಆಕಳಿಸಿದರು. ಮೂರನೆಯವನು ಕಪ್ಪನ್ನೇ ಗೆದ್ದ. ಆದರೆ ದೊಡ್ಡ ಕ್ಲಬ್ಬೊಂದು ಕರೆದದ್ದೇ ತಡ, ಒಳ್ಳೊಳ್ಳೆಯ ಆಟಗಾರರನ್ನೂ ಕಟ್ಟಿಕೊಂಡು ನಡೆದುಬಿಟ್ಟ. ಇನ್ನು ಈ ನಾಲ್ಕನೆಯವನು ಪ್ರತಿ ಸೋಲಿಗೂ ಒಬ್ಬನನ್ನು ಹೊಣೆ ಮಾಡಿ ಹೊರಗೆ ಕೂರಿಸುತ್ತಾ ಬಂದಿದ್ದ. ತಂಡ ಈಗ ಅಂಕಪಟ್ಟಿಯ ತಳ ಸೇರಿತ್ತು.

“ಆಗಲ್ಲ ಅಂದ್ರೆ ಹೇಗೆ? ಶನಿವಾರ ಪಂದ್ಯ ಇದೆ!”

“ಹಂಗಾಮಿಯಾಗಿ ಬರಲ್ಲ ಸಾರ್. ಮುಂದಿನ ವರ್ಷದ ಕೊನೇವರೆಗೂ ನೀನೇ ಅಂತ ಹೇಳಿ, ಈಗಲೇ ಹೊರಟೆ.”

“ಅಷ್ಟರಲ್ಲಿ ತಂಡ ಕೆಳಗಿನ ದರ್ಜೆಗೆ ಬಿದ್ರೆ?”

“ಬಿದ್ರೂ ನಾನೇ. ಬಿದ್ದಿದ್ದನ್ನ ಎತ್ತೋಕೆ ಒಬ್ಬ ಬೇಕಲ್ಲ?”

ಬೆಳಿಗ್ಗೆಯಿಂದ ಅಧ್ಯಕ್ಷರು ಫೋನು ಮಾಡಿದವರಲ್ಲಿ ಒಬ್ಬನೂ ಒಪ್ಪಿರಲಿಲ್ಲ. “ಆಯ್ತಪ್ಪಾ, ಆಯ್ತು,” ಎಂದು ಚಹಾ ಮುಟ್ಟದೆ ಎದ್ದು ಹೋದರು.

“ತಲೆಗಿಲೆ ಕೆಟ್ಟಿದೆಯಾ ನಿಮಗೆ?” ಎಂದಳು ಹೆಂಡತಿ.

“ಇಲ್ಲ ಕಣೇ, ಈಗ ಸರಿಹೋಯ್ತು,” ಎಂದು ಅವನು ಆ ಚಹಾವನ್ನು ತಾನೇ ಕುಡಿದ.

ಮೈದಾನದಲ್ಲಿ ಹುಡುಗರು ಅವನ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟರು. ನಾಲ್ಕೂ ಮ್ಯಾನೇಜರರನ್ನು ಕಂಡಿದ್ದ ನಾಯಕ, “ನಿಮ್ಮದು ಎಷ್ಟು ವಾರ ಸಾರ್?” ಎಂದು ಕೇಳಿಯೂ ಬಿಟ್ಟ. ಶನಿವಾರದ ಪಂದ್ಯದಲ್ಲಿ ಅದೇ ನಾಯಕನ ಕಾಲಿಗೆ ತಗುಲಿದ ಚೆಂಡು ತನ್ನದೇ ತಂಡದ ಗೋಲಿಗೆ ನುಗ್ಗಿತು. ತಂಡ ಸೋತಿತು. “ಹಂಗಾಮಿ, ಮನೆಗೆ ನಡಿ!” ಎಂದು ಗ್ಯಾಲರಿ ಕೂಗಿತು. ಮರುದಿನ ನಾಯಕ ತನ್ನ ನಾಯಕತ್ವದ ತೋಳುಪಟ್ಟಿಯನ್ನು ತಂದು ಹಂಗಾಮಿಯ ಮೇಜಿನ ಮೇಲಿಟ್ಟ.

“ಏನಿದು?”

“ನೀವು ಕೇಳೋ ಮುಂಚೆ ನಾನೇ ಕೊಟ್ಟುಬಿಡೋಣ ಅಂತ. ನಮ್ಮ ಗೋಲಿಗೇ ಹೊಡೆದವನನ್ನ ಯಾರು ಇಟ್ಕೋತಾರೆ ಸಾರ್?”

“ಚೆಂಡಿಗೆ ಅಡ್ಡ ಹಾಕೋಕೆ ಓಡಿದ್ದು ನೀನೊಬ್ಬನೇ ಕಣೋ. ಮಿಕ್ಕವರು ನಿಂತು ನೋಡ್ತಿದ್ರು. ಕಟ್ಕೋ, ಹೊರಗೆ ಹುಡುಗರು ಕಾಯ್ತಿದಾರೆ.”

ಮುಂದಿನ ಶನಿವಾರವೂ ಅದೇ ಹನ್ನೊಂದು ಜನ ಆಡಿದರು. ಆ ಪಂದ್ಯವನ್ನೂ ಸೋತರು. ಅಧ್ಯಕ್ಷರು ಫೋನಿನಲ್ಲಿ ಹಾರಾಡಿದರೂ ಅವನು ಯಾರನ್ನೂ ಬದಲಿಸಲಿಲ್ಲ. ತಪ್ಪು ಮಾಡಿದರೆ ಬೈದ, ಮರುದಿನ ಅದನ್ನೇ ತಿದ್ದಿಸಿದ, ಮತ್ತೆ ಆಡಿಸಿದ. ಹೊರಗೆ ಕೂರುವ ಭಯ ಹೋದಂತೆ ಹುಡುಗರು ಚೆಂಡನ್ನು ಇನ್ನೊಬ್ಬನ ಕಾಲಿಗೆ ದಾಟಿಸಿ ಜಾರಿಕೊಳ್ಳುವುದನ್ನು ಬಿಟ್ಟರು. ಮೂರನೆಯ ಪಂದ್ಯ ಸಮವಾಯಿತು. ಆಮೇಲೆ ಗೆಲುವುಗಳೂ ಬಂದವು. ಆದರೆ ಬಿದ್ದಿದ್ದ ಹಳ್ಳ ಆಳವಾಗಿತ್ತು. ಉಳಿಯಬೇಕಾದರೆ ಕೊನೆಯ ಪಂದ್ಯ ಗೆಲ್ಲಲೇಬೇಕಿತ್ತು. ಅದು ಸಮವಾಯಿತು, ತಂಡ ಕೆಳಗಿನ ದರ್ಜೆಗೆ ಬಿತ್ತು.

ಆಟಗಾರರ ಕೋಣೆಯ ಬಾಗಿಲಲ್ಲಿ ಅಧ್ಯಕ್ಷರು ಬಂದು ನಿಂತರು. “ನಾಳೆಯಿಂದ ಮೈದಾನಕ್ಕೆ ಬೀಗ. ಎಲ್ಲ ಮನೆಗೆ ಹೋಗಿ. ಮುಂದಿನ ಮ್ಯಾನೇಜರ್ ಯಾರು ಅಂತ ಆಮೇಲೆ ನೋಡೋಣ.”

“ಮುಂದಿನ ಮ್ಯಾನೇಜರ್ ಇಲ್ಲೇ ಇದಾನೆ ಸಾರ್,” ಎಂದ ಹಂಗಾಮಿ. ಆಮೇಲೆ ಹುಡುಗರ ಕಡೆ ತಿರುಗಿ, “ನಾಳೆ ಬೆಳಿಗ್ಗೆ ಆರಕ್ಕೆ ಅಭ್ಯಾಸ,” ಎಂದ.

ಒಬ್ಬನೂ ತಲೆ ಎತ್ತಲಿಲ್ಲ. ನಾಯಕ ಶೂ ಬಿಚ್ಚಿ, ಚೀಲ ಹೆಗಲಿಗೇರಿಸಿ ಹೊರಟುಹೋದ.

ಬೆಳಿಗ್ಗೆ ಹಂಗಾಮಿ ಹೊರಟು ನಿಂತಾಗ, “ಯಾರು ಬರ್ತಾರೇರೀ?” ಎಂದಳು ಹೆಂಡತಿ.

“ನಾನು ಹೋಗ್ತಿದೀನಲ್ಲ.”

ಗೇಟಿಗೆ ಬೀಗ ಬಿದ್ದಿತ್ತು. ಹೊರಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದು, ಅವನು ಸುತ್ತುಬಳಸಿ ಹಿಂದಿನ ಕಾಂಪೌಂಡಿಗೆ ಹೋದ. ಕಲ್ಲಿನ ಸಂದಿಗೆ ಕಾಲಿಟ್ಟು, ಒಂದು ಕೈಯನ್ನು ಗೋಡೆಯ ಮೇಲಕ್ಕೆ ಚಾಚಿ, ಏದುಸಿರು ಬಿಡುತ್ತಾ ಮೈಯನ್ನು ಎಳೆದುಕೊಂಡ. ಇನ್ನೊಂದು ಕೈ ಹಿಡಿತಕ್ಕಾಗಿ ತಡಕಾಡುತ್ತಿರುವಾಗ ಆ ಕಡೆಯಿಂದ ಯಾರೋ ಅದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಅಲ್ಲಿ ಕೈಯಿಡಬೇಡಿ ಸಾರ್, ಗಾಜಿನ ಚೂರಿದೆ,” ಎಂದ ನಾಯಕ. “ಸ್ವಲ್ಪ ಈಚೆ ಬನ್ನಿ. ನಾವೆಲ್ಲ ಇಲ್ಲಿಂದ್ಲೇ ಹಾರಿದ್ದು.”