ಗೌಸಸಾಬರ ತೋಟ

ಗೌಸಸಾಬರು ಪರದೆಯ ಮೇಲೆ ಬರೆದ ಕೆಂಪು ಗುಲಾಬಿಗಳೆಲ್ಲ ಕಪ್ಪು-ಬಿಳುಪು ಫಿಲ್ಮಿನಲ್ಲಿ ಇದ್ದಿಲಿನ ಹಾಗೆ ಕರ್ರಗೆ ಬಂದಿದ್ದವು. ಅವರ ನೀಲಿ ಕೆರೆ ಬಿಳಿಚಿಕೊಂಡು ನೀರೇ ಇಲ್ಲದಂತೆ ಕಾಣುತ್ತಿತ್ತು. ಪುಣೆಯಲ್ಲಿ ತೊಳೆಸಿ, ಪ್ರಿಂಟು ಹಾಕಿಸಿ, ಬೆಳಗಿನ ರೈಲಿಗೆ ಬಂದ ಫಿಲ್ಮಿನ ಚೂರನ್ನು ಅಬ್ದುಲಗನಿ ಕಿಟಕಿಯ ಬೆಳಕಿಗೆ ಹಿಡಿದು ನಾಲ್ಕು ಸಲ ನೋಡಿದ. ನಾಲ್ಕು ಸಲ ನೋಡಿದರೆ ಗುಲಾಬಿ ಕೆಂಪಾಗುತ್ತದೆಯೆ?

ಕೊಲ್ಲಾಪುರದ ಸಿನೆಮಾ ಕಂಪನಿಯಲ್ಲಿ ಆರು ವರ್ಷ ದುಡಿದ ಅಬ್ದುಲಗನಿ ತನ್ನ ಮೊದಲ ಮೂಕಿಚಿತ್ರ ತೆಗೆಯಲು ಹುಬ್ಬಳ್ಳಿಗೆ ಬಂದಿದ್ದ. ಕಥೆಗೆ ಒಂದು ರಾಜನ ತೋಟ ಬೇಕಿತ್ತು. ಹುಬ್ಬಳ್ಳಿಯ ಬೇಸಿಗೆಯಲ್ಲಿ ಅಂಥ ತೋಟ ಎಲ್ಲಿಂದ ತರುವುದು? ನಾನು ಬರೆದುಕೊಡುತ್ತೇನೆ ಎಂದು ಅಪ್ಪ ಗೌಸಸಾಬರೇ ಮುಂದೆ ಬಂದಿದ್ದರು. ಅವರೇನು ಸಾಮಾನ್ಯ ಚಿತ್ರಗಾರರೆ? ನಾಟಕದಲ್ಲಿ ಅವರು ಬರೆದ ಪರದೆ ಇಳಿದರೆ ಸಾಕು, ರಾಜ ಬರುವ ಮೊದಲೇ ಜನ ಚಪ್ಪಾಳೆ ತಟ್ಟುತ್ತಿದ್ದರು. ರಾಜ ಪಾಪ, ಅದು ತನಗೇ ಎಂದುಕೊಂಡು ಮೀಸೆ ತಿರುವುತ್ತಿದ್ದ. ಈಗ ಮಗನ ಚಿತ್ರಕ್ಕೆಂದು ಉಳಿದ ಕೆಲಸವನ್ನೆಲ್ಲ ಬದಿಗಿಟ್ಟು ಎರಡು ತಿಂಗಳು ಕೂತು ಈ ತೋಟದ ಪರದೆ ಬರೆದಿದ್ದರು.

“ಕೊಲ್ಲಾಪುರದಿಂದ ಬ್ಯಾರೆ ಪೇಂಟರನ್ನ ಕರಸೂಣು. ಹಿರ್ಯಾರಿಗೆ ಇದು ತಿಳಿಯೂ ಕೆಲಸಲ್ಲ,” ಎಂದ ಕ್ಯಾಮೆರಾ ಹಿಡಿಯುವ ಬಿಂದುಮಾಧವ.

“ನಾ ಯಾವ ಬಾಯಿಲೆ ಹೇಳ್ಲಿರಿ ರಾಯರ, ಅವರಿಗೆ?”

“ಏನು ಹೇಳೂದೈತಿ?” ಗೌಸಸಾಬರು ಬಾಗಿಲಲ್ಲೇ ನಿಂತಿದ್ದರು. ಮೂವತ್ತು ವರ್ಷದ ನಿರ್ದೇಶಕ ಫಿಲ್ಮನ್ನು ಸಾಲಿ ಹುಡುಗನಂತೆ ಬೆನ್ನ ಹಿಂದೆ ಬಚ್ಚಿಟ್ಟ. ಅಪ್ಪ ಕೈಚಾಚಿ ಅದನ್ನು ಇಸಿದುಕೊಂಡರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರ ಮುಖ ಸಣ್ಣದಾಯಿತು.

“ರಾಯರ, ಯಾವ ಬಣ್ಣ ಏನಾಗಿ ಬರತೈತಿ, ಅಷ್ಟು ಹೇಳ್ರಿ.”

“ಕೆಂಪು ಕರ್ರಗ ಬರ್ತದ್ರಿ. ಹಳದಿ ಮಬ್ಬ ಆಗ್ತದ. ನೀಲಿ ಬೆಳ್ಳಗ.”

“ಅಂದರ ಗುಲಾಬಿ ನೀಲಿ ಬರೀಬೇಕು, ಆಕಾಶ ಹಳದಿ ಬರೀಬೇಕು?”

“ಹೌದ್ರಿ. ಆದ್ರ ನೋಡಾಕ ಭಾಳ ಕೆಟ್ಟ ಕಾಣ್ತದ.”

“ನೋಡವರಿಗೆ ಕಾಣೂದ ಬ್ಯಾಡ. ನಿಮ್ಮ ಪೆಟಗಿಗೆ ಛಲೋ ಕಂಡ್ರ ಸಾಕು,” ಎಂದು ಗೌಸಸಾಬರು ಹಿತ್ತಲಿಗೆ ನಡೆದರು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಆಕಾಶಕ್ಕೆ ಕುಂಚ ಎತ್ತಿದರೆ ಕೈ ತಾನಾಗಿಯೇ ನೀಲಿಯ ಡಬ್ಬಿಗೆ ಹೋಗುತ್ತಿತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡು, “ತೋಬಾ ತೋಬಾ” ಎನ್ನುತ್ತ ಹಳದಿ ಬಳಿಯುತ್ತಿದ್ದರು. ಅಡಿಗೆ ಮನೆಯಿಂದ ಹೆಂಡತಿ ಶರೀಫಾಬಿ ಇಣುಕಿ ನೋಡಿ, ಚಹಾ ಇಟ್ಟು ಹೋಗುತ್ತಿದ್ದಳು.

ಮೂರನೆಯ ದಿನ ನಾಟಕ ಕಂಪನಿಯ ಮಾಲಕ ಕುಬೇರಪ್ಪ ಹೊಸ ನಾಟಕಕ್ಕೆ ಪರದೆ ಬರೆಸಬೇಕೆಂದು ಬಂದ. ಹಿತ್ತಲಲ್ಲಿ ಒಣಗಲು ಹಾಕಿದ್ದ ಹಳದಿ ಆಕಾಶ, ಅದರ ಕೆಳಗೆ ನೀಲಿ ಗುಲಾಬಿ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡ. ಅಬ್ದುಲಗನಿಯನ್ನು ಪಕ್ಕಕ್ಕೆ ಕರೆದು, “ನಿಮ್ಮಪ್ಪಗ ಕಣ್ಣ ಹೋದ್ವೇನೋ? ಲಗೂ ದವಾಖಾನಿಗೆ ತೋರಸು,” ಎಂದು ಹೇಳಿ, ಬಂದ ಕೆಲಸ ಹೇಳದೆಯೇ ಹೊರಟುಹೋದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು.

ಅಬ್ದುಲಗನಿ ಚಪ್ಪಲಿ ಮೆಟ್ಟಿಕೊಂಡ. “ನಾ ಹೋಗಿ ತಿಳಿಸಿ ಹೇಳತೇನಿ ಅಬ್ಬಾ.”

“ಹೇಳಿದ್ರ ನಂಬತಾರೇನು? ಬಿಡು. ಆ ಹಳದಿ ಡಬ್ಬಿ ಇತ್ತ ಕೊಡು.”

ಚಿತ್ರ ಮುಗಿದು ಡೇರೆಯಲ್ಲಿ ಮೊದಲ ಆಟವಾಗುವ ಹೊತ್ತಿಗೆ ದೀಪಾವಳಿ ಬಂದಿತ್ತು. ಅಲ್ಲಿಯವರೆಗೆ ಒಂದೇ ಒಂದು ನಾಟಕ ಕಂಪನಿಯೂ ಗೌಸಸಾಬರ ಬಾಗಿಲಿಗೆ ಬರಲಿಲ್ಲ. ತನ್ನ ಒಂದು ಚಿತ್ರಕ್ಕಾಗಿ ಅಪ್ಪನ ಇಷ್ಟು ವರ್ಷದ ಹೆಸರು ಮಣ್ಣುಪಾಲಾಯಿತಲ್ಲ ಎಂದು ಅಬ್ದುಲಗನಿಗೆ ಒಳಗೊಳಗೇ ಕೊರಗು. ಚಿತ್ರ ಓಡುತ್ತದೋ ಇಲ್ಲವೋ ಎಂಬ ಚಿಂತೆಯೂ ಅದರ ಮುಂದೆ ಸಣ್ಣದಾಗಿತ್ತು. ಡೇರೆಯಲ್ಲಿ ಅಪ್ಪನ ಪಕ್ಕದಲ್ಲೇ ಬಾಕಿನ ಮೇಲೆ ಕೂತ.

ರಾಜನ ತೋಟ ಬಂತು. ತಿಳಿಬೂದು ಆಕಾಶ, ಹೊಳೆಯುವ ಕೆರೆ, ಅದರ ದಂಡೆಗೆ ಈಗಷ್ಟೇ ಅರಳಿದಂಥ ಬೆಳ್ಳನೆಯ ಗುಲಾಬಿಗಳು. ಗಲಾಟೆ ಮಾಡುತ್ತಿದ್ದ ಜನ ಕತ್ತು ಚಾಚಿ ನೋಡಿದರು. ಮುಂದಿನ ಬಾಕಿನಲ್ಲಿದ್ದ ಕುಬೇರಪ್ಪ ತಿರುಗಿ ಕೂತ.

“ಗೌಸಸಾಬ್ರ, ನಿಮ್ಮ ಮಗಾ ಭಾರಿ ಶ್ಯಾಣ್ಯಾ ಬಿಡ್ರಿ! ಆ ಪರದೆ ಒಗದು ಖರೇ ತೋಟದಾಗ ತಗದಾನ. ಯಾವೂರ ತೋಟರಿ ಇದು?”

ಅಬ್ದುಲಗನಿ ಅರ್ಧ ಎದ್ದೇಬಿಟ್ಟ. “ಮಾಲಕರ, ಇದು ನಮ್ಮ ಅಬ್ಬಾ...”

ಗೌಸಸಾಬರು ಅಂಗಿ ಹಿಡಿದು ಜಗ್ಗಿ ಅವನನ್ನು ಕೂರಿಸಿದರು. “ಮೈಸೂರ ಕಡೀದ್ರಿ,” ಎಂದರು. ಕುಬೇರಪ್ಪ ತಲೆಯಾಡಿಸಿ ಮುಂದೆ ತಿರುಗಿದ.

“ಯಾಕ ಹಂಗಂದ್ರಿ ಅಬ್ಬಾ?” ಅಬ್ದುಲಗನಿ ಅಪ್ಪನ ಕಡೆ ಬಾಗಿ ಕೇಳಿದ. “ಈಗ ಹೇಳಿದ್ರ ನಿಮ್ಮ ಹೆಸರು ತಿರಗಿ ಬರತಿತ್ತಲ್ಲ!”

ಹೊರಗಿನ ಗಾಳಿ ಡೇರೆಯೊಳಗೆ ನುಗ್ಗಿ ಸಿನೆಮಾದ ಬಿಳಿ ಬಟ್ಟೆ ಸಣ್ಣಗೆ ನಡುಗಿತು. ಗೌಸಸಾಬರು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

“ಸುಮ್ನಿರು ಬೇಟಾ. ತೋಟದಾಗ ಗಾಳಿ ಬಿಟ್ಟೈತಿ. ನೋಡಲ್ಲಿ, ಹೂ ಅಳ್ಳಾಡಾಕತ್ತಾವ.”