ಸ್ವಲ್ಪ ಅಡ್ಜಸ್ಟ್ ಮಾಡ್ಕೊ

ನಳಿನಾಳ ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರು. ಮೂವರ ಸೀಟಿನಲ್ಲಿ ನಾಲ್ವರನ್ನು ಕೂರಿಸುವಾಗ ಕಲಿತ ‘ಅಡ್ಜಸ್ಟ್’ ಎಂಬ ಮಾತು ನಿವೃತ್ತಿಯಾದ ಮೇಲೂ ಅವರ ಬಾಯಿಂದ ಇಳಿದಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಹಾಕಿ ಅಡ್ಜಸ್ಟ್ ಮಾಡು, ಗಡಿಯಾರ ಹಿಂದೆ ಬಿದ್ದರೆ ಮುಳ್ಳು ತಿರುಗಿಸಿ ಅಡ್ಜಸ್ಟ್ ಮಾಡು.

ಗಂಡ ಇಸ್ತ್ರಿಪೆಟ್ಟಿಗೆ ಒತ್ತಿ ಸುಟ್ಟ ಕೈಯನ್ನು ಚಾಚಿ ನಳಿನಾ ಎದುರು ನಿಂತಾಗಲೂ ಅವರು ಅದನ್ನೇ ಹೇಳಿದರು.

“ಹೋದ್ಸಲಾನೂ ಹಿಂಗೇ ಹೇಳಿ ಕಳಿಸ್ದೆ. ಈ ಸಲ ಹೋದ್ರೆ ನಾನು ಉಳಿಯಲ್ಲ ಅಪ್ಪಾ.”

“ನಾನೇನು ನಿಮ್ಮಮ್ಮನಿಗೆ ಹೊಡೀಲಿಲ್ವಾ? ಅವಳು ಅಡ್ಜಸ್ಟ್ ಮಾಡ್ಕೊಂಡು ಇಲ್ವಾ? ಹತ್ತು ಗಂಟೆ ಬಸ್ಸಿಗೆ ಹೊರಡು. ಲೇ, ಇವಳಿಗೆ ಮಡಿಲು ತುಂಬೇ!”

ಅಮ್ಮ ಸುಟ್ಟ ಕೈಗೆ ಕೊಬ್ಬರಿ ಎಣ್ಣೆ ಸವರಿ, ಮೊರದಲ್ಲಿ ಅಕ್ಕಿ, ಬೆಲ್ಲ, ಎರಡು ತೆಂಗಿನಕಾಯಿ, ಎರಡು ರವಿಕೆ ಕಣ ತಂದಳು.

ನಳಿನಾ ಅವಳ ಕಾಲು ಹಿಡಿದುಕೊಂಡಳು. “ಅಮ್ಮಾ, ನೀನೂ ಕಳಿಸ್ತೀಯಾ?”

“ಅಳಬೇಡ. ಸೆರಗು ಒಡ್ಡು ಮಗಾ.”

ತವರಿನಿಂದ ಹೊರಡುವ ಹೆಣ್ಣಿಗೆ ಹಾಕುವಂತೆಯೇ ಅಮ್ಮ ಮೂರು ಬೊಗಸೆ ಅಕ್ಕಿ ಹಾಕಿ, ಮೇಲೊಂದು ತೆಂಗಿನಕಾಯಿ ಇಟ್ಟಳು. ಅಪ್ಪ ನಿರಾಳವಾಗಿ ಪೇಪರ್ ಬಿಡಿಸಿಕೊಂಡರು. ನಳಿನಾಳ ಕಣ್ಣೀರು ಅಕ್ಕಿಯ ಮೇಲೇ ಬೀಳುತ್ತಿತ್ತು.

ಅಮ್ಮ ಮೊರವನ್ನು ಮಗಳ ಮುಂದಕ್ಕೆ ಸರಿಸಿದಳು. ಆಮೇಲೆ ತನ್ನ ಸೆರಗನ್ನು ಒಡ್ಡಿದಳು.

“ಈಗ ನೀನು ನನಗೆ ತುಂಬು. ಇಬ್ಬರೂ ಹೊರಡೋಣ, ಆದ್ರೆ ನಿನ್ನ ಗಂಡನ ಊರಿಗಲ್ಲ.”