ಸಸ್ಪೆಂಡಾದ ವರ್ಷದ ಉಂಗುರ

ಮರಗಳಂತೆ ಸರ್ಕಾರಿ ನೌಕರರ ಮೈಯೊಳಗೂ ವರ್ಷಕ್ಕೊಂದು ಉಂಗುರ ಮೂಡತೊಡಗಿದ ಮೇಲೆ ಬಡ್ತಿಗೆ ಸಂದರ್ಶನ ಮಾಡುವುದು ನಿಂತುಹೋಯಿತು. ಈಗ ತೋಳಿಗೆ ಬೈರಿಗೆ ಹಾಕಿ, ಪೆನ್ಸಿಲ್ಲಿನಷ್ಟು ತೆಳುವಾದ ತಿರುಳು ತೆಗೆದು ನೋಡುತ್ತಾರೆ. ಮನುಷ್ಯ ಬೆಳೆದ ವರ್ಷ ಉಂಗುರ ಅಗಲವಾಗಿರುತ್ತದೆ, ಬೆಳೆಯದ ವರ್ಷ ಕೂದಲೆಳೆಯಷ್ಟಿರುತ್ತದೆ.

ಫಾರೆಸ್ಟರ್ ಈರಪ್ಪ ಹೂಗಾರ ಅಂಗಿಯ ತೋಳು ಮಡಚಿ ಕುಳಿತ. ರೇಂಜರ್ ದೇಸಾಯಿ ಸಾಹೇಬರು ಬೈರಿಗೆ ತಿರುಗಿಸಿ ತಿರುಳು ಎಳೆದರು, ತೂತಿಗೆ ಮೇಣ ಮೆತ್ತಿದರು, ಭೂತಗನ್ನಡಿ ಹಿಡಿದರು. ಇಡೀ ಸರ್ವಿಸಿನ ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಒಂದು ಮಾತ್ರ ಜೋಳದ ಕಾಳಿನಷ್ಟು ಅಗಲವಿತ್ತು.

"ಇದ್ಯಾವ ವರ್ಷರೀ?"

"ಸಸ್ಪೆಂಡಾಗಿ ಮನ್ಯಾಗಿದ್ದೆ, ಸಾಹೇಬ್ರ. ಈಜು ಕಲತೆ. ಮಗಳಿಗೆ ಲೆಕ್ಕಾ ಹೇಳಿಕೊಟ್ಟೆ. ಚಲೋ ನಿದ್ದಿ ಮಾಡಿದೆ."

ಬಡ್ತಿಗೆ ಒಂದಾದರೂ ಅಗಲವಾದ ಉಂಗುರ ಇರಬೇಕು ಎಂಬುದು ನಿಯಮ. ಅದು ಹೇಗೆ ಬಂತೆಂದು ನಿಯಮ ಕೇಳುವುದಿಲ್ಲ. ಸಾಹೇಬರು ಕಾಗದದ ಮೇಲೆ 'ಅರ್ಹ' ಎಂದು ಬರೆದರು. ಆಮೇಲೆ ಎದ್ದುಹೋಗಿ ಬಾಗಿಲು ಮುಚ್ಚಿ ಬಂದು, ದನಿ ತಗ್ಗಿಸಿದರು.

"ಇನ್ನೆರಡು ವರ್ಷಕ್ಕ ನನ್ನ ತೋಳೂ ಕೊರೀತಾರ. ನೀವು ಯಾವ ತಪ್ಪಿಗೆ ಸಸ್ಪೆಂಡಾಗಿದ್ರಿ?"

"ನೆಡುತೋಪಿನ ಸಾಗವಾನಿ ಮರಾ ಕೊರದು ನೋಡಿ, ಎಷ್ಟು ಬೆಳದಿದ್ದವೋ ಅಷ್ಟ ಬರದಿದ್ದೆ."

ಸಾಹೇಬರು ಸ್ವಲ್ಪ ಹೊತ್ತು ತಮ್ಮ ತೋಳು ಸವರಿಕೊಂಡರು.

"ಅಷ್ಟು ದೊಡ್ಡ ತಪ್ಪು ನನ್ನ ಕೈಲೆ ಆಗೂದಿಲ್ಲ," ಎಂದರು. "ಸಣ್ಣದು ಯಾವುದಾರ ಇದ್ರ ಹೇಳ್ರಿ. ಲಂಚಾ ಗಿಂಚಾ."